ಮನೆಯೇ ಆರೋಗ್ಯಧಾಮ: ಕ್ಷಯರೋಗ ಚಿಕಿತ್ಸೆಯಲ್ಲಿ ಮದರಾಸು ಪ್ರಯೋಗದ ಸ್ಥಾನ

ಔಷಧವನ್ನು ಸೇವಿಸಿದ ಮೇಲೆ ರೋಗ ಗುಣವಾಯಿತೆಂದು ಹೇಳುವುದು ಸುಲಭ. ಔಷಧದಿಂದಲೇ ಗುಣವಾಯಿತೆಂದು ಸಿದ್ಧಪಡಿಸುವುದು ಬಹು ಕಷ್ಟ. ಈ ಎರಡು ಮಾತುಗಳ ನಡುವಣ ಅಂತರವನ್ನು ಅರಿತಂದಿನಿಂದಲೇ ಆಧುನಿಕ ವೈದ್ಯ ಸಂಶೋಧನೆ ಆರಂಭವಾಯಿತೆಂದರೆ ತಪ್ಪಾಗದು. ಈ ಅರಿವು ಬೆಳೆದ ಬಗೆಯನ್ನು ತಿಳಿಯಲು ಕ್ಷಯರೋಗದ ಇತಿಹಾಸಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಅದರ ಒಂದು ಮುಖ್ಯ ಅಧ್ಯಾಯ ನಡೆದುದು ದಕ್ಷಿಣ ಭಾರತದಲ್ಲಿ, ಅಂದಿನ ಮದರಾಸು ನಗರದ ಬಡವರ ಮನೆಗಳಲ್ಲಿ. ಅದಕ್ಕೆ ಪೂರಕವಾದ ಇನ್ನೊಂದು ಅಧ್ಯಾಯ ನಡೆದುದು ಬೆಂಗಳೂರು, ತುಮಕೂರುಗಳ ಹಳ್ಳಿಗಳಲ್ಲಿ. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ನಾಲ್ವರಿಗೆ ಒಬ್ಬರು ಇಂದಿಗೂ ಭಾರತದವರಾಗಿರುವುದರಿಂದ ಈ ಇತಿಹಾಸ ಕೇವಲ ಗತಕಾಲದ ಕಥೆಯಲ್ಲ.

ರೋಗದ ಸಹಜ ಗತಿ

ರಾಜಯಕ್ಷ್ಮವೆಂಬ ಹೆಸರಿನಿಂದ ಚರಕಸಂಹಿತೆಯಲ್ಲಿಯೇ ವರ್ಣಿತವಾಗಿರುವ ಈ ವ್ಯಾಧಿಗೆ ಒಂದು ಸೂಕ್ಷ್ಮಜೀವಿ ಕಾರಣವೆಂಬುದನ್ನು ಜರ್ಮನಿಯ ರಾಬರ್ಟ್ ಕಾಕ್ 1882ನೆಯ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಪ್ರಕಟಿಸಿದನು. ಕಾರಣ ತಿಳಿದರೂ ಮುಂದಿನ ಅರುವತ್ತು ವರ್ಷ ಔಷಧ ದೊರೆಯಲಿಲ್ಲ. ಒಳ್ಳೆಯ ಗಾಳಿ, ಸಂಪೂರ್ಣ ವಿಶ್ರಾಂತಿ, ಪುಷ್ಟಿಕರವಾದ ಆಹಾರ, ಇವು ಮೂರೇ ಚಿಕಿತ್ಸೆಯೆನಿಸಿದ್ದುವು. ಯೂರೋಪಿನ ಪರ್ವತಪ್ರದೇಶಗಳಲ್ಲಿ ಎದ್ದ ಆರೋಗ್ಯಧಾಮಗಳ ಮಾದರಿಯಲ್ಲಿ ಭಾರತದಲ್ಲಿಯೂ ಅಂಥ ಸಂಸ್ಥೆಗಳು ಸ್ಥಾಪಿತವಾದುವು. ಮದನಪಲ್ಲಿಯ ಬಳಿಯ ಆರೋಗ್ಯವರಂ, ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿರುವ ಆರೋಗ್ಯಧಾಮ, ಇವು ದಕ್ಷಿಣದವರಿಗೆ ಪರಿಚಿತವಾದವು.

ಈ ಚಿಕಿತ್ಸೆಯಿಂದ ಕೆಲವರು ಗುಣಹೊಂದಿ ಮನೆಗೆ ಮರಳುತ್ತಿದ್ದುದು ನಿಜ. ಆದರೆ ಅವರನ್ನು ಗುಣಪಡಿಸಿದುದು ಬೆಟ್ಟದ ಗಾಳಿಯೋ, ಹಾಲು ಮೊಟ್ಟೆಗಳೋ, ಇಲ್ಲವೆ ದೇಹದ ಸಹಜ ಶಕ್ತಿಯೋ? ಚಿಕಿತ್ಸೆಯಿಲ್ಲದೆ ಬಿಟ್ಟರೆ ಈ ರೋಗ ಯಾವ ದಾರಿ ಹಿಡಿಯುತ್ತದೆಂಬುದು ತಿಳಿಯದ ಹೊರತು ಈ ಪ್ರಶ್ನೆಗೆ ಉತ್ತರವಿಲ್ಲ. ಆ ತಿಳಿವಳಿಕೆಯನ್ನು ಲೋಕಕ್ಕೆ ಸ್ಪಷ್ಟವಾಗಿ ಒದಗಿಸಿದುದು ಕನ್ನಡ ನಾಡಿನಲ್ಲಿಯೇ ನಡೆದ ಒಂದು ಅಧ್ಯಯನ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ವ್ಯವಸ್ಥಿತವಾದ ಚಿಕಿತ್ಸಾ ಕಾರ್ಯಕ್ರಮ ಇನ್ನೂ ಮುಟ್ಟದಿದ್ದ ಪ್ರದೇಶವದು. ಕಫದಲ್ಲಿ ರೋಗಾಣುವಿದ್ದವರ ಪೈಕಿ ಐದು ವರ್ಷಗಳ ಕೊನೆಗೆ ಶೇಕಡಾ 49ರಷ್ಟು ಜನ ಮೃತರಾಗಿದ್ದರು. ಶೇಕಡಾ 18ರಷ್ಟು ಜನ ಇನ್ನೂ ರೋಗಾಣುಗಳನ್ನು ಹೊರಹಾಕುತ್ತಲೇ ಇದ್ದರು. ಉಳಿದ ಶೇಕಡಾ 33ರಷ್ಟು ಜನರ ಕಫ ರೋಗಾಣುರಹಿತವಾಗಿತ್ತು. ಎಂದರೆ ಮೂವರಲ್ಲಿ ಒಬ್ಬನು ಹೆಚ್ಚು ಕಡಮೆ ತಾನಾಗಿಯೇ ಗುಣಹೊಂದುತ್ತಾನೆ. ಯಾವ ವೈದ್ಯನು ಯಾವ ಕಷಾಯವನ್ನು ಕೊಟ್ಟರೂ ಆ ಮೂರನೆಯ ಒಂದು ಪಾಲಿನ ಕೀರ್ತಿ ಅನಾಯಾಸವಾಗಿ ಅವನಿಗೆ ಬರುತ್ತದೆ. ವೈದ್ಯನ ಸ್ವಾನುಭವ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದೊಂದೇ ಪ್ರಮಾಣವಾಗಲಾರದೆಂಬುದಕ್ಕೆ ಇದೇ ಕಾರಣ.

ಈ ಅಂಕಿಗಳ ಹಿಂದೆ ಸತ್ತ ಮನುಷ್ಯರಿದ್ದಾರೆಂಬುದನ್ನು ಓದುವವರು ಮರೆಯಬಾರದು. ಇಂದಿನ ನೀತಿಯ ಪ್ರಕಾರ ಮದ್ದಿರುವ ರೋಗವನ್ನು ಹೀಗೆ ನೋಡುತ್ತ ಕುಳಿತುಕೊಳ್ಳಲು ಯಾರಿಗೂ ಅನುಮತಿ ದೊರೆಯದು. ಆ ಜ್ಞಾನವನ್ನು ಎರಡನೆಯ ಬಾರಿಗೆ ಸಂಪಾದಿಸಬೇಕಾಗಿಲ್ಲವೆಂಬುದೇ ಅದರ ಬೆಲೆ.

ಯಾದೃಚ್ಛಿಕ ಹಂಚಿಕೆ

ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ತರುಣ ಸಂಶೋಧಕನು 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೋಮೈಸಿನ್ ಎಂಬ ದ್ರವ್ಯವನ್ನು ಬೇರ್ಪಡಿಸಿದನು. ಕ್ಷಯದ ರೋಗಾಣುವನ್ನು ಅಡಗಿಸಬಲ್ಲ ಔಷಧವೊಂದು ಹೀಗೆ ಕೈಗೆ ಬಂದಿತು. ಯುದ್ಧದಿಂದ ಬಡವಾಗಿದ್ದ ಬ್ರಿಟನ್ ಈ ದುಬಾರಿ ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ಕೊಳ್ಳಲು ಶಕ್ತವಾಗಿತ್ತು. ಎಲ್ಲರಿಗೂ ಸಾಲದ ಮದ್ದನ್ನು ಯಾರಿಗೆ ಕೊಡಬೇಕು? ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಲಿಯ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್ ಈ ಅಭಾವವನ್ನೇ ಅವಕಾಶವನ್ನಾಗಿ ಮಾಡಿಕೊಂಡರು. ಎರಡೂ ಶ್ವಾಸಕೋಶಗಳಲ್ಲಿ ರೋಗ ತೀವ್ರವಾಗಿದ್ದ 107 ರೋಗಿಗಳಲ್ಲಿ ಯಾರಿಗೆ ಔಷಧ, ಯಾರಿಗೆ ವಿಶ್ರಾಂತಿ ಮಾತ್ರ ಎಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ, ಮುಚ್ಚಿದ ಲಕೋಟೆಗಳೊಳಗಿನ ಯಾದೃಚ್ಛಿಕ ಸಂಖ್ಯೆಗಳಿಂದ ನಿರ್ಣಯಿಸಲಾಯಿತು.

ಈ ವ್ಯವಸ್ಥೆಯ ಮರ್ಮ ಸರಳವಾದುದು. ವೈದ್ಯನು ತಾನೇ ಆರಿಸಿದರೆ, ಬದುಕುವ ಲಕ್ಷಣವುಳ್ಳವನಿಗೆ ಹೊಸ ಮದ್ದನ್ನು ಕೊಡಬೇಕೆಂಬ ಆಸೆ ಅವನ ಮನಸ್ಸಿನಲ್ಲಿ ತಿಳಿಯದೆಯೇ ಕೆಲಸ ಮಾಡುತ್ತದೆ. ಅಥವಾ ಕರುಣೆಯಿಂದ ತೀರ ಕೆಟ್ಟಿರುವವನಿಗೆ ಕೊಟ್ಟಾನು. ಎರಡರಲ್ಲಿ ಯಾವುದಾದರೂ ಹೋಲಿಕೆ ಕೆಡುತ್ತದೆ. ಚೀಟಿಯೆತ್ತಿದಂತೆ ಹಂಚಿದಾಗಲಾದರೋ ವಯಸ್ಸು, ಬಲ, ಬಡತನ, ರೋಗದ ಉಗ್ರತೆ ಎಲ್ಲವೂ ಎರಡು ಪಕ್ಷಗಳಲ್ಲಿ ಸುಮಾರಾಗಿ ಸಮನಾಗುತ್ತವೆ. ಉಳಿಯುವ ವ್ಯತ್ಯಾಸ ಔಷಧವೊಂದೇ. ಎಕ್ಸ್‌ರೇ ಚಿತ್ರಗಳನ್ನು ಓದಿದ ತಜ್ಞರಿಗೂ ಯಾವುದು ಯಾವ ಪಕ್ಷದ ರೋಗಿಯದೆಂದು ತಿಳಿಸಿರಲಿಲ್ಲ.

1948ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ ನಾಲ್ವರು ತೀರಿಕೊಂಡಿದ್ದರು, ಪಡೆಯದ 52 ಮಂದಿಯಲ್ಲಿ ಹದಿನಾಲ್ವರು. ಔಷಧ ಪಡೆದವರಲ್ಲಿ ಅರ್ಧದಷ್ಟು ಜನರ ಶ್ವಾಸಕೋಶ ಗಣನೀಯವಾಗಿ ಸುಧಾರಿಸಿತ್ತು. ಆದರೆ ಅದೇ ಪರೀಕ್ಷೆ ಇನ್ನೊಂದು ಕಹಿ ಸತ್ಯವನ್ನೂ ಹೊರಗೆಡಹಿತು. ಕೆಲವು ವಾರಗಳಲ್ಲಿಯೇ ರೋಗಾಣುಗಳು ಔಷಧಕ್ಕೆ ಬಗ್ಗದಂತಾದುವು; ಸುಧಾರಿಸಿದವರಲ್ಲಿ ಹಲವರು ಮತ್ತೆ ಹಾಸಿಗೆ ಹಿಡಿದರು. ಐದು ವರ್ಷಗಳ ಬಳಿಕ ಎರಡು ಪಕ್ಷಗಳ ಮರಣಸಂಖ್ಯೆಯಲ್ಲಿ ದೊಡ್ಡ ಅಂತರವೇನೂ ಉಳಿದಿರಲಿಲ್ಲ.

ಔಷಧ ನಿರೋಧದ ಗಣಿತ

ರೋಗಾಣುಗಳು ಔಷಧಕ್ಕೆ ಒಗ್ಗಿಕೊಳ್ಳುತ್ತವೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಪೂರ್ತಿ ಸರಿಯಲ್ಲ. ಒಂದೊಂದು ರೋಗಾಣುವೂ ಕ್ರಮೇಣ ಅಭ್ಯಾಸ ಮಾಡಿಕೊಳ್ಳುವುದಿಲ್ಲ. ಔಷಧ ಬರುವ ಮೊದಲೇ, ಹುಟ್ಟಿನಿಂದಲೇ ಅದಕ್ಕೆ ಬಗ್ಗದ ರೋಗಾಣು ಸುಮಾರು ಹತ್ತು ಲಕ್ಷಕ್ಕೆ ಒಂದರಂತೆ ಗುಂಪಿನಲ್ಲಿ ಇರುತ್ತದೆ. ಶ್ವಾಸಕೋಶ ಕೊಳೆತು ಉಂಟಾದ ಒಂದು ಕುಹರದಲ್ಲಿ ಹತ್ತು ಕೋಟಿ ರೋಗಾಣುಗಳು ಇರಬಹುದು. ಎಂದರೆ ಬಗ್ಗದವು ನೂರಾದರೂ ಇವೆ. ಒಂದೇ ಔಷಧವನ್ನು ಕೊಟ್ಟಾಗ ಉಳಿದವೆಲ್ಲ ಸತ್ತು, ಈ ನೂರೇ ಬೆಳೆದು ಮನೆಯನ್ನು ತುಂಬುತ್ತವೆ. ಕಳೆ ಕೀಳುವವನು ಒಂದು ಜಾತಿಯ ಕಳೆಯನ್ನು ಮಾತ್ರ ಬಿಟ್ಟರೆ ಹೊಲವೆಲ್ಲ ಅದೇ ಆಗುವಂತೆ.

ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಎರಡಕ್ಕೂ ಬಗ್ಗದ ರೋಗಾಣು ಲಕ್ಷ ಕೋಟಿಗೆ ಒಂದು ದೊರೆಯಬೇಕು. ಅಷ್ಟು ರೋಗಾಣುಗಳು ಒಬ್ಬ ರೋಗಿಯಲ್ಲಿ ಇರುವುದು ಅಪರೂಪ. ಆದಕಾರಣ ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಬಲಿಯಾಗುತ್ತದೆ. ಸ್ವೀಡನ್ನಿನ ಯೋರ್ಗನ್ ಲೇಮನ್ ಅವರು ಕಂಡುಹಿಡಿದ ಪಿ.ಎ.ಎಸ್. ಎಂಬ ಔಷಧವನ್ನು ಸ್ಟ್ರೆಪ್ಟೋಮೈಸಿನ್ ಜೊತೆಗೆ ಕೊಟ್ಟು ಬ್ರಿಟಿಷ್ ಸಂಶೋಧಕರು 1950ರ ವೇಳೆಗೆ ಈ ತತ್ತ್ವವನ್ನು ಸ್ಥಾಪಿಸಿದರು. 1952ರಲ್ಲಿ ಐಸೋನಿಯಾಜಿಡ್ ಬಂದಿತು. ಪ್ರಾಗ್ ನಗರದ ರಸಾಯನಜ್ಞರು ಇದನ್ನು 1912ರಲ್ಲಿಯೇ ತಯಾರಿಸಿದ್ದರು. ಕ್ಷಯಕ್ಕೆ ಮದ್ದೆಂದು ತಿಳಿಯದೆ ನಲವತ್ತು ವರ್ಷ ಅದು ಪುಸ್ತಕದ ಪುಟದಲ್ಲಿ ಮಲಗಿತ್ತು. ಬೆಲೆ ಅಗ್ಗ, ಗುಣ ತೀಕ್ಷ್ಣ, ಸೇವಿಸಲು ಸೂಜಿಮದ್ದು ಬೇಡ, ಗುಳಿಗೆ ಸಾಕು. ಬಡ ದೇಶಗಳ ಪಾಲಿಗೆ ಬಾಗಿಲು ತೆರೆದುದು ಇದರಿಂದಲೇ.

ಮದರಾಸಿನ ಪ್ರಶ್ನೆ

1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ದೇಶದ ನಾನಾ ಭಾಗಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸಾವಿರ ಜನರಿಗೆ 13ರಿಂದ 25 ಮಂದಿಯ ಶ್ವಾಸಕೋಶದಲ್ಲಿ ಸಕ್ರಿಯ ಕ್ಷಯದ ಗುರುತು ಎಕ್ಸ್‌ರೇಯಲ್ಲಿ ಕಂಡುಬಂದಿತು. ಲೆಕ್ಕ ಹಾಕಿದರೆ ರೋಗಿಗಳ ಸಂಖ್ಯೆ ಹತ್ತಾರು ಲಕ್ಷಗಳನ್ನು ಮುಟ್ಟುತ್ತಿತ್ತು. ಆಸ್ಪತ್ರೆಯ ಹಾಸಿಗೆಗಳು ಕೆಲವು ಹತ್ತು ಸಾವಿರಗಳಿಗಿಂತ ಹೆಚ್ಚಿರಲಿಲ್ಲ. ರೋಗವು ಪಟ್ಟಣದ ಕಾಯಿಲೆ, ಹಳ್ಳಿಗಳು ಸುರಕ್ಷಿತವೆಂಬ ನಂಬಿಕೆಯೂ ಈ ಸಮೀಕ್ಷೆಯಿಂದ ಕುಸಿಯಿತು. ಆರೋಗ್ಯಧಾಮವೇ ಏಕಮಾತ್ರ ಮಾರ್ಗವಾದರೆ, ಬಹುಪಾಲು ರೋಗಿಗಳಿಗೆ ಮಾರ್ಗವೇ ಇಲ್ಲವೆಂದಾಯಿತು.

ಇಂಥ ಸಂದರ್ಭದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಲಿ, ಈ ನಾಲ್ಕೂ ಕೂಡಿ 1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ರಾಸಾಯನಿಕ ಚಿಕಿತ್ಸಾ ಕೇಂದ್ರವನ್ನು ಸ್ಥಾಪಿಸಿದವು. ವಾಲೇಸ್ ಫಾಕ್ಸ್ ಅದರ ಮೊದಲ ನಾಯಕರು. ಕೇಂದ್ರದ ಮುಂದಿದ್ದ ಪ್ರಶ್ನೆ ಒಂದೇ: ಔಷಧಗಳು ಒಂದೇ ಆಗಿದ್ದರೆ, ರೋಗಿಯು ಆರೋಗ್ಯಧಾಮದಲ್ಲಿ ಮಲಗಿದ್ದರೇನು, ತನ್ನ ಮನೆಯಲ್ಲಿಯೇ ಇದ್ದರೇನು?

ಕೇಳಲು ಸುಲಭವಾದ ಈ ಪ್ರಶ್ನೆ ಅಂದಿನ ವೈದ್ಯರ ದೃಷ್ಟಿಯಲ್ಲಿ ದುಸ್ಸಾಹಸವೇ ಆಗಿತ್ತು. ಮದರಾಸಿನ ಬಡವನ ಮನೆಯೆಂದರೆ ಅನೇಕ ವೇಳೆ ಒಂದೇ ಕೋಣೆ; ಅದರಲ್ಲಿ ಇಡೀ ಸಂಸಾರ. ಊಟ ಅರೆಹೊಟ್ಟೆ. ಕೂಲಿಗೆ ಹೋಗದಿದ್ದರೆ ಅದೂ ಇಲ್ಲ. ಅಲ್ಲಿ ರೋಗಿ ಗುಣವಾಗುವುದುಂಟೇ? ಗುಣವಾದರೂ ಅಷ್ಟರಲ್ಲಿ ಹೆಂಡತಿ ಮಕ್ಕಳಿಗೆ ರೋಗ ಅಂಟದಿರುವುದುಂಟೇ?

ಹೊಸದಾಗಿ ರೋಗ ಪತ್ತೆಯಾದ, ಕಫದಲ್ಲಿ ರೋಗಾಣುವಿದ್ದ ಬಡ ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಪಕ್ಷಗಳಾಗಿ ಹಂಚಲಾಯಿತು. ಎರಡೂ ಪಕ್ಷಗಳಿಗೆ ಒಂದು ವರ್ಷ ಕಾಲ ಐಸೋನಿಯಾಜಿಡ್ ಮತ್ತು ಪಿ.ಎ.ಎಸ್. ಔಷಧಗಳು. ಒಂದು ಪಕ್ಷದವರು ಆರೋಗ್ಯಧಾಮದಲ್ಲಿ ವಿಶ್ರಾಂತಿ, ಶುಶ್ರೂಷೆ, ಉತ್ತಮ ಆಹಾರಗಳೊಡನೆ ಇದ್ದರು. ಇನ್ನೊಂದು ಪಕ್ಷದವರು ತಮ್ಮ ತಮ್ಮ ಮನೆಗಳಲ್ಲಿದ್ದು, ಕೇಂದ್ರಕ್ಕೆ ಕ್ರಮವಾಗಿ ಬಂದು ಔಷಧವನ್ನು ಕೊಂಡೊಯ್ಯುತ್ತಿದ್ದರು. ವರ್ಷದ ಕೊನೆಯಲ್ಲಿ ಮನೆಯವರಲ್ಲಿ ಶೇಕಡಾ 86, ಆರೋಗ್ಯಧಾಮದವರಲ್ಲಿ ಶೇಕಡಾ 92 ಮಂದಿಯ ರೋಗ ಶಮನವಾಗಿತ್ತು. ಈ ಅಲ್ಪಾಂತರವನ್ನು ಸಂಖ್ಯಾಶಾಸ್ತ್ರವು ಮಹತ್ತ್ವದ್ದೆಂದು ಗಣಿಸಲಿಲ್ಲ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಈ ವರದಿ ಲೋಕದ ಗಮನವನ್ನು ಸೆಳೆಯಿತು. ಐದು ವರ್ಷಗಳವರೆಗೆ ಅದೇ ರೋಗಿಗಳನ್ನು ಅನುಸರಿಸಿ ನೋಡಿದಾಗಲೂ ಮನೆಯಲ್ಲಿ ಗುಣವಾದವರಲ್ಲಿ ರೋಗ ಹೆಚ್ಚಾಗಿ ಮರುಕಳಿಸಿದುದು ಕಾಣಲಿಲ್ಲ.

ಇದಕ್ಕಿಂತ ಆಶ್ಚರ್ಯಕರವಾದುದು ಮನೆಮಂದಿಯ ವಿಷಯ. ರೋಗಿಯೊಡನೆ ಒಂದೇ ಸೂರಿನಡಿ ಇದ್ದವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಂಡ ಪ್ರಮಾಣ, ರೋಗಿಯನ್ನು ಆರೋಗ್ಯಧಾಮಕ್ಕೆ ಕಳುಹಿಸಿದ್ದ ಮನೆಗಳಿಗಿಂತ ಹೆಚ್ಚಾಗಿರಲಿಲ್ಲ. ಕಾರಣ ಊಹಿಸಲು ಕಷ್ಟವಲ್ಲ. ಮನೆಯವರಿಗೆ ಸೋಂಕು ತಗಲುವುದು ಬಹುಮಟ್ಟಿಗೆ ರೋಗ ಪತ್ತೆಯಾಗುವುದಕ್ಕೆ ಮುಂಚಿನ ತಿಂಗಳುಗಳಲ್ಲಿ. ಔಷಧ ಆರಂಭವಾದ ಮೇಲೆ ರೋಗಿಯ ಕೆಮ್ಮಿನ ಸೋಂಕು ಬೇಗನೆ ಇಳಿಯುತ್ತದೆ. ಬೇಲಿ ಹಾಕಬೇಕಾದುದು ರೋಗಿಯ ಸುತ್ತಲಲ್ಲ, ರೋಗ ಪತ್ತೆಯಾಗುವ ವಿಳಂಬಕ್ಕೆ ಎಂಬುದು ಇದರ ತಾತ್ಪರ್ಯ. ಕ್ಷಯವೆಂದು ತಿಳಿದೊಡನೆ ಮಗ್ಗುಲಿನ ಮನೆಯವರು ಬಾಗಿಲು ಮುಚ್ಚುವ, ಸೊಸೆಯನ್ನು ತವರಿಗೆ ಕಳುಹಿಸಿಬಿಡುವ ಪದ್ಧತಿಗೆ ವಿಜ್ಞಾನದ ಆಧಾರವಿಲ್ಲವೆಂದು ಈ ಪ್ರಯೋಗ ಅಂದೇ ತೋರಿಸಿಕೊಟ್ಟಿತು. ತೋರಿಸಿದುದನ್ನು ಸಮಾಜ ಇನ್ನೂ ಪೂರ್ತಿಯಾಗಿ ಒಪ್ಪಿಕೊಂಡಿಲ್ಲ.

ಒಂದೇ ಗುಳಿಗೆ, ಬೇರೆ ಬೇರೆ ದೇಹ

ಔಷಧವು ರೋಗಾಣುವಿನ ಮೇಲೆ ಏನು ಮಾಡುತ್ತದೆಂಬುದು ಅರ್ಧ ವಿಷಯ. ದೇಹವು ಔಷಧವನ್ನು ಏನು ಮಾಡುತ್ತದೆಂಬುದು ಇನ್ನರ್ಧ. ಐಸೋನಿಯಾಜಿಡ್ ವಿಷಯದಲ್ಲಿ ಈ ಉತ್ತರಾರ್ಧವು ವಿಶೇಷವಾಗಿ ಬೆಳಕಿಗೆ ಬಂದಿತು. ಸೇವಿಸಿದ ಗುಳಿಗೆಯನ್ನು ಯಕೃತ್ತಿನ ಒಂದು ಕಿಣ್ವವು ಬದಲಾಯಿಸಿ ನಿಷ್ಕ್ರಿಯಗೊಳಿಸುತ್ತದೆ. ಕೆಲವರಲ್ಲಿ ಈ ಕೆಲಸ ಶೀಘ್ರ, ಕೆಲವರಲ್ಲಿ ಮಂದ. ಈ ಭೇದ ಹುಟ್ಟಿನಿಂದ ಬಂದುದು. ತಂದೆತಾಯಿಗಳಿಂದ ಮಕ್ಕಳಿಗೆ ಬರುವಂಥದು. 1960ರಲ್ಲಿ ಪ್ರೈಸ್ ಇವಾನ್ಸ್ ಮತ್ತು ಸಹೋದ್ಯೋಗಿಗಳು ಇದರ ಆನುವಂಶಿಕ ಕ್ರಮವನ್ನು ವಿಶದಪಡಿಸಿದರು. ಜಪಾನೀಯರಲ್ಲಿ ಮಂದ ಪ್ರಕೃತಿಯವರು ಅಲ್ಪಸಂಖ್ಯಾತರು; ದಕ್ಷಿಣ ಭಾರತೀಯರಲ್ಲಿ ಅವರೇ ಅರ್ಧಕ್ಕಿಂತ ಹೆಚ್ಚೆಂದು ಮದರಾಸಿನ ಪರೀಕ್ಷೆಗಳು ತಿಳಿಸಿದವು.

ಮಂದ ಪ್ರಕೃತಿಯವನ ರಕ್ತದಲ್ಲಿ ಔಷಧ ಬಹು ಹೊತ್ತು ನಿಲ್ಲುತ್ತದೆ. ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಅಂಥವರಿಗೆ ಅಂಗೈ ಅಂಗಾಲುಗಳಲ್ಲಿ ಉರಿ, ಜೋಮು, ನರಗಳ ದೌರ್ಬಲ್ಯ ಕಾಣಿಸಿಕೊಂಡಿತು. ಐಸೋನಿಯಾಜಿಡ್ ದೇಹದಲ್ಲಿ ಬಿ6 ಜೀವಸತ್ವದ ಕಾರ್ಯಕ್ಕೆ ಅಡ್ಡಿಮಾಡುವುದೇ ಇದಕ್ಕೆ ಕಾರಣ. ಅಲ್ಪಾಹಾರದಿಂದ ಮೊದಲೇ ಆ ಸತ್ವ ಕಡಮೆಯಿರುವವರಿಗೆ ತೊಂದರೆ ಬೇಗ. ದಿನಕ್ಕೆ ಕೆಲವೇ ಮಿಲಿಗ್ರಾಂ ಬಿ6 ಕೊಟ್ಟರೆ ಈ ಉಪದ್ರವ ಬಾರದೆಂದು ಮದರಾಸಿನಲ್ಲಿ ಸಿದ್ಧವಾಯಿತು. ಇನ್ನೊಂದೆಡೆ ಶೀಘ್ರ ಪ್ರಕೃತಿಯವರಲ್ಲಿ ಔಷಧ ಬೇಗ ಇಳಿದುಹೋಗುವುದರಿಂದ, ವಾರಕ್ಕೆ ಒಂದೇ ಬಾರಿ ಔಷಧ ಕೊಟ್ಟು ನೋಡಿದ ಪ್ರಯೋಗದಲ್ಲಿ ಅವರು ಹಿಂದೆ ಬಿದ್ದರು. ದಿನಾಲೂ ಕೊಟ್ಟಾಗ ಈ ಭೇದ ಅಳಿಯಿತು. ಒಂದು ಜನಾಂಗದಲ್ಲಿ ಪರೀಕ್ಷಿಸಿದ ಪ್ರಮಾಣವನ್ನು ಕಣ್ಣುಮುಚ್ಚಿ ಇನ್ನೊಂದು ಜನಾಂಗಕ್ಕೆ ಅನ್ವಯಿಸಬಾರದೆಂಬ ಪಾಠ ಇಲ್ಲಿದೆ. ಯಾವ ಜನ ಔಷಧವನ್ನು ನುಂಗಬೇಕೋ ಆ ಜನರಲ್ಲಿಯೇ ಪರೀಕ್ಷೆ ನಡೆಯಬೇಕು.

ನುಂಗಿದನೇ, ಇಲ್ಲವೇ?

ಮನೆಯ ಚಿಕಿತ್ಸೆ ಗೆದ್ದಿತೆಂದು ಹೇಳುವಾಗ ಅದರ ಷರತ್ತನ್ನು ಮರೆಯಬಾರದು. ಪಿ.ಎ.ಎಸ್. ರುಚಿಗೆ ಹೇಸಿಗೆ, ಗ್ರಾಂಗಟ್ಟಲೆ ನುಂಗಬೇಕು, ಹೊಟ್ಟೆಯನ್ನು ಕೆಡಿಸುತ್ತದೆ. ಎರಡು ಮೂರು ತಿಂಗಳಲ್ಲಿ ಕೆಮ್ಮು ಜ್ವರ ನಿಂತು ಮೈ ಹಗುರವಾದ ಮೇಲೆ ಇನ್ನೂ ಒಂಬತ್ತು ತಿಂಗಳು ಇದನ್ನು ನುಂಗೆಂದರೆ ಯಾವ ಮನುಷ್ಯನಿಗೂ ಬೇಸರವೇ. ಮದರಾಸಿನ ಕಾರ್ಯಕರ್ತರು ಇದನ್ನು ಬಲ್ಲವರಾಗಿ, ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಉಳಿದ ಔಷಧವನ್ನು ಎಣಿಸುತ್ತಿದ್ದರು. ಮೂತ್ರವನ್ನು ಪರೀಕ್ಷಿಸಿ ಔಷಧದ ಕುರುಹನ್ನು ನೋಡುತ್ತಿದ್ದರು. ಈ ಶ್ರಮದ ಫಲವಾಗಿಯೇ ಶೇಕಡಾ 86 ಎಂಬ ಅಂಕಿ ಸಾಧ್ಯವಾಯಿತು. ಮುಂದೆ ವಾರಕ್ಕೆ ಎರಡು ಬಾರಿ ಮಾತ್ರ, ಆದರೆ ಕಾರ್ಯಕರ್ತನ ಕಣ್ಣೆದುರಿಗೇ ಸ್ಟ್ರೆಪ್ಟೋಮೈಸಿನ್ ಮತ್ತು ಐಸೋನಿಯಾಜಿಡ್ ಕೊಡುವ ಕ್ರಮವನ್ನು ಪರೀಕ್ಷಿಸಿ, ಅದು ದಿನಾಲೂ ಮನೆಯಲ್ಲಿ ನುಂಗುವ ಕ್ರಮಕ್ಕೆ ಕಡಮೆಯಲ್ಲವೆಂದು 1964ರಲ್ಲಿ ಪ್ರಕಟಿಸಿದರು. ಕಣ್ಣೆದುರಿನ ಚಿಕಿತ್ಸೆಯೆಂದು ಇಂದು ಲೋಕಪ್ರಸಿದ್ಧವಾಗಿರುವ ಪದ್ಧತಿಯ ಮೂಲಗಳಲ್ಲಿ ಇದೂ ಒಂದು.

ಹಾಗಾದರೆ ರೋಗಿ ಆಸ್ಪತ್ರೆಗೆ ಬಾರದಿರುವುದು ಅವನ ಅಜ್ಞಾನದಿಂದಲೇ? ವಿದ್ಯಾವಂತರಲ್ಲಿ ಪ್ರಚಲಿತವಾಗಿದ್ದ ಈ ಅಭಿಪ್ರಾಯವನ್ನು ಪರೀಕ್ಷಿಸಿದವರು, 1959ರಲ್ಲಿ ಸ್ಥಾಪಿತವಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿಯೂ ಪಟ್ಟಣದಲ್ಲಿಯೂ ಅವರು ನಡೆಸಿದ ವಿಚಾರಣೆ 1963ರಲ್ಲಿ ಪ್ರಕಟವಾಯಿತು. ಕಫದಲ್ಲಿ ರೋಗಾಣುವಿದ್ದವರಲ್ಲಿ ಬಹುಮಂದಿಗೆ ತಮ್ಮ ಲಕ್ಷಣಗಳ ಅರಿವಿತ್ತು; ಅದರ ಚಿಂತೆಯೂ ಇತ್ತು; ಸುಮಾರು ಅರ್ಧದಷ್ಟು ಜನ ಸರಕಾರೀ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿದ್ದರು. ಅಲ್ಲಿ ಅವರಿಗೆ ಸಾಮಾನ್ಯವಾಗಿ ದೊರೆತುದು ಕೆಮ್ಮಿನ ಮದ್ದಿನ ಸೀಸೆ. ಕೊರತೆ ಇದ್ದುದು ರೋಗಿಯ ತಿಳಿವಳಿಕೆಯಲ್ಲಲ್ಲ, ವ್ಯವಸ್ಥೆಯ ಕಣ್ಣಿನಲ್ಲಿ. ಮದರಾಸಿನ ಪ್ರಯೋಗ ಮತ್ತು ಈ ಬೆಂಗಳೂರಿನ ಕಾರ್ಯ ಎರಡನ್ನೂ ಆಧರಿಸಿ 1962ರಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡಿತು: ಪ್ರತ್ಯೇಕ ಆರೋಗ್ಯಧಾಮಗಳಿಗೆ ಬದಲಾಗಿ ಊರಿನ ಸಾಮಾನ್ಯ ಆಸ್ಪತ್ರೆಯಲ್ಲಿಯೇ ಕಫಪರೀಕ್ಷೆ, ಮನೆಯಲ್ಲಿಯೇ ಉಚಿತ ಔಷಧ. ತತ್ತ್ವ ಸರಿಯಾಗಿತ್ತು, ಆದರೆ ಮದರಾಸಿನ ಕೇಂದ್ರದಲ್ಲಿದ್ದ ನಿಷ್ಠೆ, ಸಿಬ್ಬಂದಿ, ಔಷಧದ ನಿರಂತರ ಪೂರೈಕೆ ದೇಶಾದ್ಯಂತ ದೊರೆಯಲಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಊರಿಗೆ ಹೋಗುವವನ ಚಿಕಿತ್ಸೆ ಎಲ್ಲಕ್ಕಿಂತ ಮೊದಲು ತುಂಡಾಗುತ್ತಿತ್ತು. ಮುಂಬಯಿಯಲ್ಲಿ ಆರಂಭವಾದ ಔಷಧ ಊರಿನಲ್ಲಿ ಮುಂದುವರಿಯದಿದ್ದರೆ ಮೇಲೆ ಹೇಳಿದ ಆ ನೂರು ರೋಗಾಣುಗಳಿಗೆ ಅದೇ ಸುಗ್ಗಿ. ಔಷಧಕ್ಕೆ ಬಗ್ಗದ ಕ್ಷಯ ಇಂದು ಮಹಾನಗರಗಳಲ್ಲಿ ಬೃಹತ್ ಸಮಸ್ಯೆಯಾಗಿರುವುದರ ಬೇರು ಇಲ್ಲಿದೆ.

ಅವಧಿಯ ಸಂಕೋಚ

ವರ್ಷಗಟ್ಟಲೆಯ ಚಿಕಿತ್ಸೆಯನ್ನು ಆರು ತಿಂಗಳಿಗೆ ಇಳಿಸಿದುದು ರಿಫಾಂಪಿಸಿನ್. ಇಟಲಿಯ ಮಿಲಾನಿನಲ್ಲಿ 1960ರ ದಶಕದಲ್ಲಿ ಸಿದ್ಧವಾದ ಈ ಔಷಧವನ್ನು ವಾಲೇಸ್ ಫಾಕ್ಸ್ ಮತ್ತು ಜೀವಾಣುತಜ್ಞ ಡೆನಿಸ್ ಮಿಚಿಸನ್ 1970ರಿಂದ ಪೂರ್ವ ಆಫ್ರಿಕದಲ್ಲಿ ಪರೀಕ್ಷಿಸಿದರು. ರೋಗಾಣುಗಳೆಲ್ಲ ಒಂದೇ ಸ್ಥಿತಿಯಲ್ಲಿರುವುದಿಲ್ಲವೆಂಬುದು ಮಿಚಿಸನ್ನರ ವಿವರಣೆ. ಬೇಗ ಬೇಗ ವೃದ್ಧಿಯಾಗುವವನ್ನು ಐಸೋನಿಯಾಜಿಡ್ ಕೊಲ್ಲುತ್ತದೆ. ನಿದ್ರಿಸುತ್ತಿದ್ದು ಆಗೊಮ್ಮೆ ಈಗೊಮ್ಮೆ ಮಾತ್ರ ಎಚ್ಚರುವವನ್ನು ರಿಫಾಂಪಿಸಿನ್ ಹಿಡಿಯುತ್ತದೆ. ಆಮ್ಲಯುಕ್ತ ಪರಿಸರದಲ್ಲಿ ಅಡಗಿದವನ್ನು ಪಿರಾಜಿನಮೈಡ್ ಮುಗಿಸುತ್ತದೆ. ಹಿಂದೆ ಚಿಕಿತ್ಸೆ ದೀರ್ಘವಾಗಬೇಕಾಗಿದ್ದುದು ಈ ನಿದ್ರಿತ ರೋಗಾಣುಗಳಿಗಾಗಿಯೇ. ಆದರೆ ಈ ಮೂರು ಔಷಧಗಳೂ ಯಕೃತ್ತಿಗೆ ಹಾನಿಮಾಡಬಲ್ಲವಾದ್ದರಿಂದ ರೋಗಿಯ ಕಣ್ಣು ಹಳದಿಯಾಗುವುದನ್ನು ವೈದ್ಯನು ಸದಾ ಗಮನಿಸುತ್ತಿರಬೇಕು.

ವಿಜ್ಞಾನವು ತನ್ನ ತೀರ್ಪನ್ನೇ ತಿದ್ದಿಕೊಳ್ಳುವುದಕ್ಕೂ ಇಲ್ಲಿ ನಿದರ್ಶನವುಂಟು. ವಾರಕ್ಕೆ ಮೂರು ಬಾರಿ ಔಷಧ ಕೊಡುವ ಕ್ರಮ ಭಾರತದ ಕಾರ್ಯಕ್ರಮದಲ್ಲಿ ಬಹುಕಾಲ ನಡೆದಿತ್ತು. ರಿಫಾಂಪಿಸಿನ್ ಯುಗದಲ್ಲಿ, ಮುಖ್ಯವಾಗಿ ಎಚ್.ಐ.ವಿ. ಸೋಂಕೂ ಇರುವವರಲ್ಲಿ, ಬಿಡುವು ಕೊಟ್ಟ ಕ್ರಮದಿಂದ ಔಷಧ ನಿರೋಧ ಹೆಚ್ಚುತ್ತದೆಂದು ಕಂಡುಬಂದುದರಿಂದ 2017ರಲ್ಲಿ ದೇಶಾದ್ಯಂತ ದೈನಿಕ ಚಿಕಿತ್ಸೆಯೇ ಮರಳಿ ಜಾರಿಗೆ ಬಂದಿತು.

ಅನ್ನದ ಪ್ರಶ್ನೆ

ಮದರಾಸು ಪ್ರಯೋಗದಲ್ಲಿ ಇನ್ನೊಂದು ಸಂಗತಿ ವಿಶೇಷವಾಗಿ ಚರ್ಚಿತವಾಯಿತು. ಮನೆಯ ರೋಗಿಗಳ ಆಹಾರವು ಆರೋಗ್ಯಧಾಮದವರ ಆಹಾರಕ್ಕಿಂತ ಬಹಳ ಕೆಳಮಟ್ಟದ್ದು. ಅವರ ತೂಕವೂ ಅಷ್ಟು ಏರಲಿಲ್ಲ. ಆದರೂ ರೋಗ ಶಮನದಲ್ಲಿ ಭೇದವಿಲ್ಲ. 1961ರಲ್ಲಿ ಪ್ರಕಟವಾದ ಈ ವಿಶ್ಲೇಷಣೆಯಿಂದ, ಸಮರ್ಥ ಔಷಧಗಳು ತಪ್ಪದೆ ದೊರೆಯುವಾಗ ಪುಷ್ಟಿಕರ ಆಹಾರವು ಗುಣವಾಗಲು ಅನಿವಾರ್ಯವಲ್ಲವೆಂಬ ನಿರ್ಣಯ ಬಂದಿತು. ಹಾಲು ಹಣ್ಣುಗಳಿಗೆ ಗತಿಯಿಲ್ಲದವನಿಗೂ ಚಿಕಿತ್ಸೆ ಸಾರ್ಥಕವೆಂಬ ಧೈರ್ಯವನ್ನು ಇದು ಕೊಟ್ಟಿತು. ಅದು ಸಣ್ಣ ಉಪಕಾರವಲ್ಲ.

ಆದರೆ ಷರತ್ತಿನೊಡನೆ ಹೇಳಿದ ಮಾತು ಬಾಯಿಂದ ಬಾಯಿಗೆ ಹೋಗುವಾಗ ಷರತ್ತನ್ನು ಕಳೆದುಕೊಳ್ಳುತ್ತದೆ. ಕ್ಷಯಕ್ಕೂ ಅನ್ನಕ್ಕೂ ಸಂಬಂಧವೇ ಇಲ್ಲವೆಂಬಂತೆ ಕಾರ್ಯಕ್ರಮಗಳು ದಶಕಗಳ ಕಾಲ ನಡೆದವು. ಮದರಾಸಿನಲ್ಲಿ ಆಹಾರವನ್ನೇ ಪ್ರತ್ಯೇಕವಾಗಿ ಚೀಟಿಯೆತ್ತಿ ಹಂಚಿರಲಿಲ್ಲ. ಆರೋಗ್ಯಧಾಮದ ಹಲವು ಸೌಕರ್ಯಗಳಲ್ಲಿ ಅದೂ ಒಂದಾಗಿತ್ತು. ಅನ್ನವಿಲ್ಲದವನಿಗೆ ರೋಗ ಬರುವುದು ಹೆಚ್ಚೇ ಎಂಬ ಪ್ರಶ್ನೆಯನ್ನಂತೂ ಅದು ಎತ್ತಿಕೊಂಡಿರಲೇ ಇಲ್ಲ.

ಆ ಪ್ರಶ್ನೆಯನ್ನು ನೇರವಾಗಿ ಕೇಳಿದ ಪರೀಕ್ಷೆ 2019ರಿಂದ 2022ರವರೆಗೆ ಜಾರ್ಖಂಡದಲ್ಲಿ ನಡೆಯಿತು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಮಹಾವಿದ್ಯಾಲಯದ ಅನುರಾಗ್ ಭಾರ್ಗವ ಅದರ ಪ್ರಮುಖರು. ಮದರಾಸಿನ ಆ ಹಳೆಯ ಕೇಂದ್ರವೇ ಬೆಳೆದು ಚೆನ್ನೈಯ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯೆನಿಸಿ ಇದರಲ್ಲಿ ಪಾಲುಗೊಂಡಿತು. 2,800 ರೋಗಿಗಳೆಲ್ಲರಿಗೂ ಔಷಧದೊಡನೆ ಆಹಾರಧಾನ್ಯ ದೊರೆಯಿತು. ಅವರ ಮನೆಗಳವರು ಸುಮಾರು ಹತ್ತು ಸಾವಿರ ಮಂದಿ. ಯಾದೃಚ್ಛಿಕವಾಗಿ ಆರಿಸಿದ ಪ್ರದೇಶಗಳಲ್ಲಿ ಅವರಲ್ಲಿ ತಲೆಗೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ವಗಳು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಧಾನ್ಯ ಪಡೆದ ಮನೆಗಳಲ್ಲಿ ಹೊಸ ಕ್ಷಯದ ಪ್ರಮಾಣ ಶೇಕಡಾ 39ರಷ್ಟು ಕಡಮೆಯಾಯಿತು. ಕಫಪರೀಕ್ಷೆಯಂಥ ಪರೀಕ್ಷೆಗಳಿಂದ ದೃಢಪಟ್ಟ ಶ್ವಾಸಕೋಶದ ಕ್ಷಯವನ್ನಷ್ಟೇ ಎಣಿಸಿದರೆ ಶೇಕಡಾ 48ರಷ್ಟು. ರೋಗಿಗಳಲ್ಲಿಯೂ ಮೊದಲೆರಡು ತಿಂಗಳಲ್ಲಿ ತೂಕ ಏರಿದವರಿಗೆ ಮರಣಭಯ ಬಹಳ ಕಡಮೆಯಾಗಿತ್ತು. ಸರಕಾರವು 2018ರಿಂದ ಕೊಡುತ್ತಿದ್ದ ತಿಂಗಳಿಗೆ ಐನೂರು ರೂಪಾಯಿಗಳ ಪೋಷಣಾ ಸಹಾಯವು 2024ರಲ್ಲಿ ಸಾವಿರಕ್ಕೆ ಏರಿತು.

ಈ ಎರಡು ಪ್ರಯೋಗಗಳಲ್ಲಿ ವಿರೋಧವಿದೆಯೆಂದು ಭಾವಿಸಬೇಕಾಗಿಲ್ಲ. ಔಷಧ ಸಿಕ್ಕರೆ ಅರೆಹೊಟ್ಟೆಯವನೂ ಗುಣವಾಗಬಲ್ಲನೆಂದು ಒಂದು ಹೇಳಿತು. ಹೊಟ್ಟೆ ತುಂಬಿದ್ದರೆ ಅನೇಕರಿಗೆ ಔಷಧದ ಅಗತ್ಯವೇ ಬಾರದೆಂದು ಇನ್ನೊಂದು ಹೇಳಿತು. ಮೊದಲನೆಯ ಉತ್ತರವನ್ನು ಎರಡನೆಯ ಪ್ರಶ್ನೆಗೆ ಹೊಂದಿಸಿದುದರಿಂದಲೇ ಅನ್ನದ ಮಾತು ಅರುವತ್ತು ವರ್ಷ ಹಿಂದೆ ಉಳಿಯಿತು. ಯಾವ ಪರೀಕ್ಷೆಯ ಫಲವನ್ನು ಓದುವಾಗಲೂ ಅದು ಯಾವ ಪ್ರಶ್ನೆಗೆ ಉತ್ತರ, ಯಾವ ಷರತ್ತಿನಲ್ಲಿ ಉತ್ತರ ಎಂದು ವಿಚಾರಿಸುವುದು ತಜ್ಞರ ಕೆಲಸ ಮಾತ್ರವಲ್ಲ. ಆ ಫಲವನ್ನು ಅನುಭವಿಸಬೇಕಾದ ಸಮಾಜದ ಕೆಲಸವೂ ಹೌದು.